ಜಾಹೀರಾತು ಎಷ್ಟಾದರೆ ಅತಿ? ಸರ್ಚ್ ಎಂಜಿನ್ ಅಳೆಯುವುದು, ಅಳೆಯದೆ ಬಿಡುವುದು

(ಮಂಗಳೂರಿನಲ್ಲಿ ಪತ್ರಿಕಾ ದಿನಾಚರಣೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಸಭೆಯಲ್ಲಿರುವ ಹಿರಿಯ ಪತ್ರಕರ್ತರೇ, ಸುದ್ದಿ ಜಾಲತಾಣಗಳನ್ನು ನಡೆಸುತ್ತಿರುವ ಗೆಳೆಯರೇ, ಪತ್ರಿಕೋದ್ಯಮ ವಿಭಾಗದ ವಿದ್ಯಾರ್ಥಿಗಳೇ,

1843ರ ಜುಲೈ 1ರಂದು ಇದೇ ಊರಿನಿಂದ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು. ಕಲ್ಲಚ್ಚಿನಲ್ಲಿ ಮುದ್ರಣಗೊಂಡ ಆ ಪತ್ರಿಕೆಯ ಬಗ್ಗೆ ನನಗಿಂತ ಚೆನ್ನಾಗಿ ಮಾತನಾಡಬಲ್ಲವರು ಈ ವೇದಿಕೆಯಲ್ಲಿಯೇ ಇದ್ದಾರೆ. ನನ್ನ ಕೆಲಸ ಜಾಲತಾಣಗಳ ಪುಟಗಳನ್ನು ಕಟ್ಟುವುದು. ಇವತ್ತಿನ ಸುದ್ದಿ ಓದುಗರನ್ನು ತಲುಪುವುದು ಹೆಚ್ಚಾಗಿ ಆ ಪುಟಗಳ ಮೂಲಕ. ಅವು ಯಾರ ಕಣ್ಣಿಗೆ ಮೊದಲು ಬೀಳಬೇಕು, ಯಾವುದು ಹಿಂದೆ ಉಳಿಯಬೇಕು ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಗೂಗಲ್‌ನಂಥ ಸರ್ಚ್ ಎಂಜಿನ್. ಕಿರಿಕಿರಿ ಮಾಡುವ ಜಾಹೀರಾತುಗಳನ್ನೂ ಪುಟದ ವಿನ್ಯಾಸವನ್ನೂ ಅದು ಹೇಗೆ ತೂಗಿ ನೋಡುತ್ತದೆ, ಆ ತೂಕ ಕನ್ನಡದ ಓದುಗರಿಗೆ ಎಷ್ಟು ನೆರವಾಗುತ್ತದೆ ಎಂಬುದೇ ಇಂದಿನ ವಿಷಯ.

ಮೊದಲು ಒಂದು ಪುಟವನ್ನು ಹತ್ತಿರದಿಂದ ನೋಡೋಣ. ಜುಲೈ ತಿಂಗಳು, ಬೆಳಿಗ್ಗೆ ಆರು ಗಂಟೆ. ರಾತ್ರಿಯಿಡೀ ಮಳೆ ಸುರಿದಿದೆ. ಬಂಟ್ವಾಳದ ಕಡೆಯ ತಾಯಿಯೊಬ್ಬರು ಮಗುವನ್ನು ಈಗಲೇ ಎಬ್ಬಿಸಬೇಕೇ ಬೇಡವೇ ಎಂದು ತಿಳಿಯಲು ಮೊಬೈಲಿನಲ್ಲಿ ‘ದಕ್ಷಿಣ ಕನ್ನಡ ಶಾಲೆಗಳಿಗೆ ಇಂದು ರಜೆ’ ಎಂದು ಹುಡುಕುತ್ತಾರೆ. ಮೊದಲಿಗೆ ಬಂದ ಫಲಿತಾಂಶವನ್ನು ಒತ್ತುತ್ತಾರೆ. ಪುಟ ತೆರೆಯುವ ಮೊದಲೇ ‘ನಮ್ಮ ಸುದ್ದಿಗಳ ಸೂಚನೆ ಕಳುಹಿಸಲೇ?’ ಎಂಬ ಚೌಕ ಎದ್ದು ನಿಲ್ಲುತ್ತದೆ. ಅದನ್ನು ಬೇಡವೆಂದರೆ ಇಡೀ ಪರದೆಯನ್ನು ಮುಚ್ಚುವ ಜಾಹೀರಾತು. ಅದನ್ನು ಮುಚ್ಚುವ ‘×’ ಗುರುತು ಬಲ ಮೂಲೆಯಲ್ಲಿ, ಬೂದು ಬಣ್ಣದ ಮೇಲೆ ಬೂದು ಬಣ್ಣದಲ್ಲಿ, ಸಾಸಿವೆಯಷ್ಟು ಸಣ್ಣದಾಗಿದೆ. ಅದೂ ಮುಗಿದ ಮೇಲೆ ತಲೆಬರಹ ಕಾಣುತ್ತದೆ: ‘ಭಾರೀ ಮಳೆ: ಯಾವ ತಾಲ್ಲೂಕುಗಳಿಗೆ ರಜೆ?’ ಉತ್ತರ ತಲೆಬರಹದಲ್ಲಿಲ್ಲ, ಮೊದಲ ಪ್ಯಾರಾದಲ್ಲಿಯೂ ಇಲ್ಲ. ಕೆಳ ಮೂಲೆಯಲ್ಲಿ ಸಂಬಂಧವೇ ಇಲ್ಲದ ವಿಡಿಯೊ ಓಡತೊಡಗಿದೆ. ‘ಮುಂದೆ ಓದಿ’ ಎಂಬ ಗುಂಡಿಯ ಮೇಲೆ ಹೆಬ್ಬೆರಳು ಇಳಿಯುವ ಹೊತ್ತಿಗೆ ಸರಿಯಾಗಿ ಮೇಲಿನ ಖಾಲಿ ಜಾಗದಲ್ಲಿ ಹೊಸ ಜಾಹೀರಾತು ಬಂದು ಕೂರುತ್ತದೆ, ಬರಹವೆಲ್ಲ ಕೆಳಕ್ಕೆ ಜಾರುತ್ತದೆ, ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ, ಯಾವುದೋ ಆಟದ ಆ್ಯಪ್ ಇಳಿಸಿಕೊಳ್ಳುವ ಪುಟ ತೆರೆದುಕೊಳ್ಳುತ್ತದೆ. ಬಡಿಸಿದ ಎಲೆಗೆ ಕೈ ಹಾಕುವ ಹೊತ್ತಿಗೆ ಅದನ್ನು ಆಚೆಗೆ ಎಳೆದ ಹಾಗೆ. ಆ ತಾಯಿಗೆ ಬೇಕಾಗಿದ್ದ ಮೂರು ತಾಲ್ಲೂಕುಗಳ ಹೆಸರು ಐದನೆಯ ಪ್ಯಾರಾದ ಕೊನೆಯಲ್ಲಿ ಇದ್ದವು.

ಇಲ್ಲಿ ಆದ ತೊಂದರೆಗಳೆಲ್ಲ ನಮಗೆ ಒಂದೇ ಸಿಟ್ಟಾಗಿ ಅನುಭವಕ್ಕೆ ಬರುತ್ತವೆ. ಯಂತ್ರಕ್ಕೆ ಹಾಗಲ್ಲ. ಅದು ಇವುಗಳಲ್ಲಿ ಕೆಲವನ್ನು ನೋಡುತ್ತದೆ, ಕೆಲವನ್ನು ನೋಡುವುದೇ ಇಲ್ಲ. ಯಾವುದು ಯಾವುದು ಎಂದು ಬಿಡಿಸಿ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಂತರ್ಜಾಲದ ಮೊದಲ ಬ್ಯಾನರ್ ಜಾಹೀರಾತುಗಳು 1994ರ ಅಕ್ಟೋಬರ್ 27ರಂದು ‘ಹಾಟ್‌ವೈರ್ಡ್’ ಎಂಬ ತಾಣದಲ್ಲಿ ಕಾಣಿಸಿಕೊಂಡವು. ಎಟಿ ಅಂಡ್ ಟಿ ಕಂಪನಿಯ ಜಾಹೀರಾತು ಅವುಗಳಲ್ಲಿ ಹೆಸರಾದದ್ದು. ಪುಟದಲ್ಲಿ ತನಗೆಂದು ಕೊಟ್ಟ ಪಟ್ಟಿಯಷ್ಟು ಜಾಗದಲ್ಲಿ ಅದು ಸುಮ್ಮನೆ ಇರುತ್ತಿತ್ತು. ಅದೇ ದಶಕದಲ್ಲಿ ಟ್ರೈಪಾಡ್ ಎಂಬ ತಾಣದಲ್ಲಿ ಕೆಲಸ ಮಾಡುತ್ತಿದ್ದ ಈಥನ್ ಜುಕರ್‌ಮನ್ ಪಾಪ್‌ಅಪ್ ಜಾಹೀರಾತಿಗೆ ಕೋಡ್ ಬರೆದರು. ಕಾರು ಕಂಪನಿಯೊಂದು ತನ್ನ ಜಾಹೀರಾತು ಅಶ್ಲೀಲ ಪುಟವೊಂದರಲ್ಲಿ ಕಾಣಿಸಿಕೊಂಡಿತೆಂದು ಗಲಾಟೆ ಮಾಡಿದ್ದೇ ಅದಕ್ಕೆ ಕಾರಣ: ಜಾಹೀರಾತನ್ನು ಬೇರೆಯೇ ಕಿಟಕಿಯಲ್ಲಿ ತೆರೆದರೆ ಅದು ಆ ಪುಟಕ್ಕೆ ಸೇರಿದ್ದೆಂದು ಯಾರೂ ಭಾವಿಸುವುದಿಲ್ಲ ಎಂಬ ಲೆಕ್ಕಾಚಾರ. 2014ರಲ್ಲಿ ಅವರು ಇದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು: ಪಾಪ್‌ಅಪ್ ಹುಟ್ಟಿದ್ದು ಜಾಹೀರಾತುದಾರನ ಮರ್ಯಾದೆ ಕಾಯಲು. ಓದುಗನ ಅನುಕೂಲ ಅಲ್ಲಿ ಲೆಕ್ಕಕ್ಕೇ ಇರಲಿಲ್ಲ.

ಸರ್ಚ್ ಎಂಜಿನ್‌ಗಳು ಬಹುಕಾಲ ಇದರ ಗೊಡವೆಗೆ ಹೋಗಲಿಲ್ಲ. ಪುಟದಲ್ಲಿ ಯಾವ ಪದಗಳಿವೆ, ಯಾರು ಯಾರು ಅದಕ್ಕೆ ಲಿಂಕ್ ಕೊಟ್ಟಿದ್ದಾರೆ ಎಂಬುದೇ ಅವುಗಳಿಗೆ ಮುಖ್ಯವಾಗಿತ್ತು. ಬದಲಾವಣೆ ಶುರುವಾದದ್ದು 2011ರ ಫೆಬ್ರವರಿಯಲ್ಲಿ, ಗೂಗಲ್ ಪುಟಗಳ ಶ್ರೇಯಾಂಕ ತೀರ್ಮಾನಿಸುವ ವಿಧಾನಕ್ಕೆ ‘ಪಾಂಡಾ’ ಎಂಬ ಹೆಸರಿನ ಪರಿಷ್ಕರಣೆ ತಂದಾಗ. ಅದೇ ವರ್ಷ ಮೇ ತಿಂಗಳಲ್ಲಿ ಆಗ ಗೂಗಲ್ ಸರ್ಚ್‌ನ ಹೊಣೆ ಹೊತ್ತಿದ್ದ ಅಮಿತ್ ಸಿಂಘಲ್ ಅವರು ತಾಣಗಳ ಒಡೆಯರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಮುಖ್ಯ ಬರಹದಿಂದ ಗಮನ ಸೆಳೆಯುವಷ್ಟು, ಅದಕ್ಕೆ ಅಡ್ಡ ಬರುವಷ್ಟು ಜಾಹೀರಾತುಗಳು ಪುಟದಲ್ಲಿವೆಯೇ ಎಂಬುದು ಅವುಗಳಲ್ಲಿ ಒಂದು. 2012ರ ಜನವರಿಯಲ್ಲಿ ಜಾಹೀರಾತನ್ನೇ ಗುರಿಯಾಗಿಸಿದ ಕ್ರಮ ಬಂತು. ಪುಟ ತೆರೆದ ಕೂಡಲೇ ಕಾಣುವ ಮೇಲ್ಭಾಗವನ್ನು ಜಾಹೀರಾತುಗಳೇ ತುಂಬಿಕೊಂಡು, ಓದಲು ಬಂದವರು ಕೆಳಕ್ಕೆ ಸರಿಸುತ್ತಲೇ ಹೋಗಬೇಕಾದಂಥ ತಾಣಗಳನ್ನು ಹಿಂದಕ್ಕೆ ತಳ್ಳುತ್ತೇವೆ ಎಂದು ಗೂಗಲ್‌ನ ಮ್ಯಾಟ್ ಕಟ್ಸ್ ಘೋಷಿಸಿದರು. ಆ ಕ್ರಮದ ಪರಿಣಾಮ ಶೇಕಡ 1ಕ್ಕಿಂತ ಕಡಿಮೆ ಹುಡುಕಾಟಗಳ ಮೇಲೆ ಎಂದೂ ಅವರು ಹೇಳಿದ್ದರು. ಅಂದರೆ ತೀರಾ ಅತಿ ಮಾಡಿದವರಿಗೆ ಮಾತ್ರ ಬಿಸಿ ತಟ್ಟಿತು.

ನಂತರ ಎಲ್ಲರ ಕೈಗೂ ಮೊಬೈಲ್ ಬಂತು, ಸಣ್ಣ ಪರದೆಯಲ್ಲಿ ಸಣ್ಣ ಜಾಹೀರಾತೂ ದೊಡ್ಡದಾಯಿತು. 2015ರಲ್ಲಿ ಗೂಗಲ್ ತನ್ನದೇ ಗೂಗಲ್ ಪ್ಲಸ್ ಎಂಬ ಸಾಮಾಜಿಕ ಜಾಲತಾಣದ ಅಂಕಿಗಳನ್ನು ಪ್ರಕಟಿಸಿತು. ತಾಣಕ್ಕೆ ಬಂದವರ ಮುಂದೆ ‘ನಮ್ಮ ಆ್ಯಪ್ ಹಾಕಿಕೊಳ್ಳಿ’ ಎಂದು ಇಡೀ ಪರದೆ ತುಂಬುವ ಫಲಕ ತೋರಿಸಿದಾಗ ಶೇಕಡ 9ರಷ್ಟು ಭೇಟಿಗಳಲ್ಲಿ ಆ ಗುಂಡಿಯನ್ನು ಒತ್ತಿದ್ದರು, ಶೇಕಡ 69ರಷ್ಟು ಭೇಟಿಗಳಲ್ಲಿ ಜನ ಪುಟವನ್ನೇ ಬಿಟ್ಟು ಹೋಗಿದ್ದರು. ನನಗೆ ಈ ವಿಷಯದಲ್ಲಿ ಅತ್ಯಂತ ಉಪಯೋಗಕ್ಕೆ ಬಂದಿರುವ ಅಂಕಿ ಇದು. ‘ಫಲಕ ಹಾಕಿದರೆ ಏನಾಗುತ್ತದೆ, ಮುಚ್ಚಿ ಓದುತ್ತಾರೆ’ ಎನ್ನುವ ಮಾಲೀಕರಿಗೆ ನಾನು ಇದನ್ನೇ ತೋರಿಸುತ್ತೇನೆ. ಮುಚ್ಚುವುದು ಫಲಕವನ್ನಲ್ಲ, ಪುಟವನ್ನೇ. 2016ರ ಆಗಸ್ಟ್‌ನಲ್ಲಿ ಘೋಷಿಸಿ 2017ರ ಜನವರಿ 10ರಿಂದ ಜಾರಿಗೆ ತಂದ ನಿಯಮದಂತೆ, ಹುಡುಕಾಟದಿಂದ ಬಂದವರ ಕಣ್ಣೆದುರು ಬರಹವನ್ನು ಮುಚ್ಚುವ ಫಲಕ ಹಾಕುವ ಮೊಬೈಲ್ ಪುಟಗಳಿಗೆ ಶ್ರೇಯಾಂಕದಲ್ಲಿ ಹಿನ್ನಡೆ. ಕಾನೂನು ಕೇಳುವ ಕುಕೀ (ಓದುಗರ ಭೇಟಿಯನ್ನು ನೆನಪಿಡುವ ಪುಟ್ಟ ಕಡತ) ಸೂಚನೆ, ವಯಸ್ಸಿನ ದೃಢೀಕರಣ, ಸುಲಭವಾಗಿ ಮುಚ್ಚಬಹುದಾದ ಸಣ್ಣ ಪಟ್ಟಿ ಇವಕ್ಕೆಲ್ಲ ವಿನಾಯಿತಿ ಇದೆ.

ಈ ನಿಯಮದ ಅಂಚನ್ನು ಗಮನಿಸಿ. ಅದು ನೋಡುವುದು ಹುಡುಕಾಟದಿಂದ ನೇರವಾಗಿ ಪುಟಕ್ಕೆ ಇಳಿದಾಗ ಎದುರಾಗುವ ಫಲಕವನ್ನು. ಓದುಗ ಅದೇ ತಾಣದ ಎರಡನೆಯ ಪುಟಕ್ಕೆ ಹೋದಾಗ ಏಳುವ ಫಲಕ ಅದರ ವ್ಯಾಪ್ತಿಗೆ ಬರುವುದಿಲ್ಲ. ಮೊದಲ ಪುಟವನ್ನು ಹಸನಾಗಿಟ್ಟು, ಎರಡನೆಯದರಲ್ಲಿ ಸುಲಿಗೆ ಮಾಡುವ ತಾಣಗಳು ಹುಟ್ಟಿಕೊಂಡದ್ದು ಹೀಗೆ.

ಈಗ ಜಾರುವ ಬರಹಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ತಾಣಗಳ ದೊಡ್ಡ ಕಾಯಿಲೆ ಇದು, ವಾಸಿ ಮಾಡಲು ಅತ್ಯಂತ ಸುಲಭವಾದದ್ದೂ ಇದೇ. 2020ರ ಮೇ ತಿಂಗಳಲ್ಲಿ ಗೂಗಲ್ ‘ಕೋರ್ ವೆಬ್ ವೈಟಲ್ಸ್’ ಎಂಬ ಮೂರು ಅಳತೆಗಳನ್ನು ಮುಂದಿಟ್ಟಿತು. 2021ರ ಜೂನ್‌ನಿಂದ ಆಗಸ್ಟ್ ಅಂತ್ಯದೊಳಗೆ ಅವುಗಳನ್ನು ಮೊಬೈಲ್ ಹುಡುಕಾಟದ ಶ್ರೇಯಾಂಕಕ್ಕೆ ಸೇರಿಸಿಕೊಂಡಿತು. ಪುಟದ ಅತಿ ದೊಡ್ಡ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು. ಒತ್ತಿದರೆ ಪುಟ ಬೇಗ ಸ್ಪಂದಿಸಬೇಕು. 2024ರ ಮಾರ್ಚ್ 12ರಿಂದ ಇದಕ್ಕೆ 200 ಮಿಲಿಸೆಕೆಂಡಿನ ಗಡಿಯಿರುವ ಹೊಸ ಅಳತೆ ಬಂದಿದೆ. ಮೂರನೆಯದು ಪುಟದ ಜಾರಾಟ, ಅದು 0.1 ಮೀರಬಾರದು. ಈ ಅಂಕಿಗಳು ಯಾವುದೋ ಪ್ರಯೋಗಾಲಯದಲ್ಲಿ ಸಿಕ್ಕಿದವಲ್ಲ. ತಮ್ಮ ಮಾಹಿತಿ ಹಂಚಿಕೊಳ್ಳಲು ಒಪ್ಪಿದ, ಗೂಗಲ್‌ನ ಕ್ರೋಮ್ ಬ್ರೌಸರ್ ಬಳಕೆದಾರರ ನಿಜವಾದ ಫೋನ್‌ಗಳಿಂದ, ಹಿಂದಿನ 28 ದಿನಗಳ ಲೆಕ್ಕದಲ್ಲಿ ಬರುತ್ತವೆ. ನೂರು ಭೇಟಿಗಳಲ್ಲಿ ಎಪ್ಪತ್ತೈದರಲ್ಲಾದರೂ ಗಡಿಯೊಳಗೆ ಇರಬೇಕು. ಸುಳ್ಯದ ಗುಡ್ಡದ ಮೇಲೆ ನೆಟ್‌ವರ್ಕ್‌ಗಾಗಿ ಅಂಗಳಕ್ಕೆ ಬಂದು ನಿಂತವರ ಅನುಭವವೂ ಇದರಲ್ಲಿ ಸೇರುತ್ತದೆ ಎಂಬುದು ನನಗೆ ಈ ಪದ್ಧತಿಯಲ್ಲಿ ಇಷ್ಟವಾದ ಅಂಶ.

ಜಾರಾಟದ ಲೆಕ್ಕ ಹೀಗಿದೆ. ಪರದೆಯ ಎತ್ತರ 800 ಪಿಕ್ಸೆಲ್, ಅಂದರೆ 800 ಚುಕ್ಕಿ ಎಂದುಕೊಳ್ಳಿ. ಅದರ ಅಗಲವನ್ನೆಲ್ಲ ತುಂಬಿದ ಬರಹದ ಒಂದು ತುಂಡು 200ರಿಂದ 600ರವರೆಗೆ ಇದೆ. ಮೇಲೆ 200 ಪಿಕ್ಸೆಲ್ ಎತ್ತರದ ಜಾಹೀರಾತು ತಡವಾಗಿ ಬಂದು ಕೂತಿತು. ಬರಹ ಈಗ 400ರಿಂದ 800ರವರೆಗೆ ಸರಿಯಿತು. ಹಿಂದಿನ ಜಾಗ, ಈಗಿನ ಜಾಗ ಎರಡನ್ನೂ ಕೂಡಿಸಿದರೆ 200ರಿಂದ 800, ಅಂದರೆ ಪರದೆಯ ಮುಕ್ಕಾಲು ಭಾಗ: 0.75. ಸರಿದ ದೂರ 200, ಪರದೆಯ ಕಾಲು ಭಾಗ: 0.25. ಇವೆರಡನ್ನೂ ಗುಣಿಸಿದರೆ 0.1875. ಒಂದೇ ಒಂದು ಜಾಹೀರಾತು, ಒಂದೇ ಒಂದು ಜಾರಾಟ, ಅಷ್ಟಕ್ಕೇ ಪುಟ ಗಡಿ ದಾಟಿ ಹೆಚ್ಚುಕಡಿಮೆ ಎರಡರಷ್ಟಾಯಿತು.

ಜಾಹೀರಾತು ತಡವಾಗಿ ಬರುವುದೇಕೆ? ಅದು ಪುಟದಲ್ಲಿ ಮೊದಲೇ ಇರುವುದಿಲ್ಲ. ನೀವು ಪುಟ ತೆರೆದ ಮೇಲೆ ಎಲ್ಲಿಯೋ ಒಂದು ಹರಾಜು ನಡೆಯುತ್ತದೆ. ನಿಮಗೆ ಜಾಹೀರಾತು ತೋರಿಸಲು ಯಾರು ಹೆಚ್ಚು ಕೊಡುತ್ತಾರೆ ಎಂದು ಯಂತ್ರಗಳು ಕೂಗಿ ಗೆದ್ದವರ ಚಿತ್ರ ಆಮೇಲೆ ಇಳಿದು ಬರುತ್ತದೆ. ಅದರ ಎತ್ತರ ಎಷ್ಟೆಂದು ಪುಟಕ್ಕೆ ಅಲ್ಲಿಯವರೆಗೆ ಗೊತ್ತಿರುವುದಿಲ್ಲ. ಪರಿಹಾರ ಕೋಡಿನ ಒಂದು ಸಾಲಿನಷ್ಟು: ಜಾಹೀರಾತಿನ ಜಾಗಕ್ಕೆ ಮೊದಲೇ ಎತ್ತರ ನಿಗದಿ ಮಾಡಿ ಕಾಯ್ದಿಡುವುದು. ಹರಾಜಿನಲ್ಲಿ ಯಾರೂ ಗೆಲ್ಲದಿದ್ದರೆ ಆ ಜಾಗ ಖಾಲಿ ಇರಲಿ. ಖಾಲಿ ಜಾಗ ನೋಡಿದರೆ ನಷ್ಟವಾಯಿತೆಂದು ಸಂಕಟಪಡುವ ಮಾಲೀಕರನ್ನು ನಾನು ಕಂಡಿದ್ದೇನೆ. ಓದುತ್ತಿದ್ದವನ ಸಾಲು ಕೈತಪ್ಪಿ ಹೋಗುವುದು ಅದಕ್ಕಿಂತ ದೊಡ್ಡ ನಷ್ಟ.

ಕನ್ನಡಕ್ಕೇ ಸೇರಿದ ಇನ್ನೊಂದು ಜಾರಾಟವಿದೆ, ಇಂಗ್ಲಿಷಿನಲ್ಲಿ ಬರೆದ ಕೈಪಿಡಿಗಳಲ್ಲಿ ಅದರ ಪ್ರಸ್ತಾಪ ಅಪರೂಪ. ನಮ್ಮ ಒತ್ತಕ್ಷರ, ಸಂಯುಕ್ತಾಕ್ಷರಗಳಿಗೆಲ್ಲ ರೂಪ ಬೇಕಾದ್ದರಿಂದ ಕನ್ನಡ ಫಾಂಟಿನ ಕಡತ ಸಾಮಾನ್ಯವಾಗಿ ಇಂಗ್ಲಿಷಿನದಕ್ಕಿಂತ ದೊಡ್ಡದು. ಅದು ಇಳಿಯುವವರೆಗೆ ಫೋನಿನಲ್ಲಿರುವ ಫಾಂಟಿನಲ್ಲಿ ಬರಹ ಕಾಣುತ್ತದೆ, ಇಳಿದ ಮೇಲೆ ತಾಣದ ಫಾಂಟಿಗೆ ಬದಲಾಗುತ್ತದೆ. ಎರಡರ ಅಗಲ, ಎತ್ತರ ಬೇರೆ ಬೇರೆ. ‘ರಾಷ್ಟ್ರೀಯ ಹೆದ್ದಾರಿ’ಯಂಥ ಪದಗಳು ಸಾಲಿನ ಅಂಚಿನಲ್ಲಿದ್ದರೆ ಮುಂದಿನ ಸಾಲಿಗೆ ಮುರಿದುಬೀಳುತ್ತವೆ, ಏಳು ಸಾಲಿನ ಪ್ಯಾರಾ ಎಂಟಾಗುತ್ತದೆ, ಕೆಳಗಿನದೆಲ್ಲ ಜಾರುತ್ತದೆ. ಜಾಹೀರಾತೇ ಇಲ್ಲದ ಪುಟವೂ ಹೀಗೆ ಅಂಕ ಕಳೆದುಕೊಳ್ಳಬಹುದು. ಬದಲಿ ಫಾಂಟಿನ ಅಳತೆಯನ್ನು ತಾಣದ ಫಾಂಟಿಗೆ ಹೊಂದಿಸಿಡುವುದು, ಇಲ್ಲವೇ ಮುಖ್ಯ ಬರಹಕ್ಕೆ ಫೋನಿನ ಫಾಂಟನ್ನೇ ಬಿಟ್ಟು ತಲೆಬರಹಕ್ಕೆ ಮಾತ್ರ ನಿಮ್ಮ ಫಾಂಟ್ ಬಳಸುವುದು ಇದಕ್ಕಿರುವ ದಾರಿ. ನನ್ನ ಒಲವು ಎರಡನೆಯದಕ್ಕೆ. ಫಾಂಟಿನ ಅಂದಕ್ಕಾಗಿ ಸುದ್ದಿಯನ್ನು ತಡ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಈ ಅಳತೆ ಯಾವುದನ್ನು ಬಿಟ್ಟುಬಿಡುತ್ತದೆ? ತಳ್ಳಿದರೆ ಲೆಕ್ಕ ಹಾಕುತ್ತದೆ, ಮುಚ್ಚಿದರೆ ಹಾಕುವುದಿಲ್ಲ. ಪರದೆಯ ಕೆಳಭಾಗಕ್ಕೆ ಅಂಟಿಕೊಂಡು ಬರಹದ ಮೇಲೆಯೇ ನಿಲ್ಲುವ ಜಾಹೀರಾತು ಯಾವುದನ್ನೂ ಜರುಗಿಸುವುದಿಲ್ಲ, ಆದ್ದರಿಂದ ಜಾರಾಟದ ಅಂಕ ಸೊನ್ನೆ. ಪರದೆಯ ಮೂರನೇ ಒಂದು ಭಾಗ ಅದರಡಿ ಹೂತುಹೋಗಿದ್ದರೂ ಸೊನ್ನೆಯೇ. ಓದುಗ ಗುಂಡಿ ಒತ್ತಿದ ಅರ್ಧ ಸೆಕೆಂಡಿನೊಳಗೆ ಆಗುವ ಜಾರಾಟವನ್ನೂ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಒತ್ತಿದ್ದರಿಂದಲೇ ಆದದ್ದೆಂದು ಭಾವಿಸುತ್ತದೆ. ಸಾಸಿವೆಯಷ್ಟು ಸಣ್ಣ ‘×’ ಗುರುತು, ಉತ್ತರವನ್ನು ಬಚ್ಚಿಟ್ಟ ತಲೆಬರಹ, ಐದನೆಯ ಪ್ಯಾರಾಕ್ಕೆ ಮುಂದೂಡಿದ ತಾಲ್ಲೂಕಿನ ಹೆಸರು ಇವು ಯಾವುದಕ್ಕೂ ಈ ಮೂರು ಅಳತೆಗಳಲ್ಲಿ ಜಾಗವಿಲ್ಲ. ಪುಟ ಚೆಂದವಾಗಿದೆಯೇ ಎಂಬುದಕ್ಕೂ ಇಲ್ಲ. ಮೂರೂ ಅಳತೆ ಗಡಿಯೊಳಗಿವೆ ಎಂಬ ಹಸಿರು ಅಂಕ ಬಂದಿದೆ ಎಂದು ವರದಿ ತೋರಿಸಿ ಹಿಗ್ಗುವವರು ತಮ್ಮದೇ ಪುಟವನ್ನು ಒಮ್ಮೆ ಹಳೆಯ ಫೋನಿನಲ್ಲಿ ತೆರೆದು ಕೊನೆಯವರೆಗೆ ಓದಬೇಕು.

ಜಾಹೀರಾತಿನ ಪ್ರಮಾಣವನ್ನೇ ನೋಡುವ ಇನ್ನೊಂದು ವ್ಯವಸ್ಥೆ ಇದೆ. ಇದನ್ನು ಸರ್ಚ್ ಎಂಜಿನ್ ಜೊತೆ ಅನೇಕರು ಬೆರೆಸಿಬಿಡುತ್ತಾರೆ, ವಾಸ್ತವದಲ್ಲಿ ಇದು ಬ್ರೌಸರಿನ ಕೆಲಸ. ಜಾಹೀರಾತು ಉದ್ಯಮದವರು 2016ರಲ್ಲಿ ಕಟ್ಟಿಕೊಂಡ ‘ಕೋಯಲಿಷನ್ ಫಾರ್ ಬೆಟರ್ ಆ್ಯಡ್ಸ್’ ಎಂಬ ಒಕ್ಕೂಟ ಜನರಿಗೆ ಸಹಿಸಲಾಗದ ಜಾಹೀರಾತುಗಳನ್ನು ಪಟ್ಟಿ ಮಾಡಿತು: ಪಾಪ್‌ಅಪ್, ತಾನಾಗಿಯೇ ಸದ್ದು ಮಾಡುವ ವಿಡಿಯೊ, ಮಿನುಗುವ ಚಿತ್ರ, ಪರದೆಗೆ ಅಂಟಿ ಕೂರುವ ದೊಡ್ಡ ಫಲಕ ಹೀಗೆ. ಈ ಪಟ್ಟಿಯನ್ನು ಮೀರುವ ತಾಣಗಳಿಗೆ ಎಚ್ಚರಿಕೆ ಕೊಟ್ಟು, 30 ದಿನಗಳಲ್ಲಿ ಸರಿಪಡಿಸದಿದ್ದರೆ ಆ ತಾಣದ ಎಲ್ಲ ಜಾಹೀರಾತುಗಳನ್ನೂ ಕ್ರೋಮ್ ತಡೆಯುತ್ತದೆ. 2018ರ ಫೆಬ್ರವರಿಯಲ್ಲಿ ಉತ್ತರ ಅಮೆರಿಕ, ಯುರೋಪ್‌ಗಳಲ್ಲಿ ಶುರುವಾದ ಈ ಕ್ರಮ 2019ರ ಜುಲೈ 9ರಿಂದ ನಮ್ಮಲ್ಲಿಯೂ ಜಾರಿಯಲ್ಲಿದೆ. ಮೊಬೈಲಿನಲ್ಲಿ ಮುಖ್ಯ ಬರಹದ ಭಾಗದ ಎತ್ತರದಲ್ಲಿ ಜಾಹೀರಾತುಗಳ ಒಟ್ಟು ಎತ್ತರ ಶೇಕಡ 30 ಮೀರಬಾರದು ಎಂಬುದು ಅದರ ಒಂದು ನಿಯಮ. ರಜೆಯ ಸುದ್ದಿಯಂಥ ಐದು ಪ್ಯಾರಾದ ವರದಿಯನ್ನು ತೆಗೆದುಕೊಳ್ಳಿ. ಜಾಹೀರಾತು ಸೇರಿ ಅದರ ಎತ್ತರ 1,200 ಪಿಕ್ಸೆಲ್ ಎನ್ನೋಣ. 250 ಪಿಕ್ಸೆಲ್‌ನ ಎರಡು ಜಾಹೀರಾತು ಹಾಕಿದರೆ 500. ಅಲ್ಲಿಗೆ ಶೇಕಡ 41 ದಾಟಿತು. ಉದ್ದದ ಲೇಖನಕ್ಕೆ ಸರಿಹೋಗುವ ಅಚ್ಚನ್ನೇ ನಾವು ಮೂರು ಸಾಲಿನ ಸುದ್ದಿಗೂ ಬಳಸುತ್ತೇವೆ. ಅಡಿಕೆ ಧಾರಣೆ, ಘಾಟಿ ರಸ್ತೆಯ ಸ್ಥಿತಿ, ವಿದ್ಯುತ್ ನಿಲುಗಡೆ, ಇಂದಿನ ಯಕ್ಷಗಾನ ಎಲ್ಲೆಲ್ಲಿ ಎಂಬಂಥ ಕರಾವಳಿಯ ದಿನನಿತ್ಯದ ಸುದ್ದಿಗಳೆಲ್ಲ ಚಿಕ್ಕವು. ಅವುಗಳಿಗೆ ಒಂದಕ್ಕಿಂತ ಹೆಚ್ಚು ಜಾಹೀರಾತು ಹೊರುವ ಶಕ್ತಿಯಿಲ್ಲ.

ಮನುಷ್ಯರ ಕಣ್ಣೂ ಈ ಕೆಲಸದಲ್ಲಿದೆ. ಹುಡುಕಾಟದ ಫಲಿತಾಂಶ ಹೇಗಿದೆ ಎಂದು ನೋಡಿ ಅಂಕ ಕೊಡಲು ಗೂಗಲ್ ಜಗತ್ತಿನಾದ್ಯಂತ ಸಾವಿರಾರು ಮಂದಿಯನ್ನು ಇಟ್ಟುಕೊಂಡಿದೆ. ಅವರಿಗೆ ಕೊಡುವ ಕೈಪಿಡಿಯನ್ನು 2015ರ ನವೆಂಬರ್‌ನಲ್ಲಿ ಪೂರ್ತಿಯಾಗಿ ಸಾರ್ವಜನಿಕಗೊಳಿಸಿದರು, ಯಾರು ಬೇಕಾದರೂ ಓದಬಹುದು. ವಿದ್ಯಾರ್ಥಿಗಳು ಓದಲೇಬೇಕು. ಜಾಹೀರಾತು ಇರುವುದೇ ತಪ್ಪು ಎಂದು ಅದು ಹೇಳುವುದಿಲ್ಲ, ಆ ಹಣವಿಲ್ಲದೆ ಎಷ್ಟೋ ಪುಟಗಳು ಉಳಿಯುವುದಿಲ್ಲ ಎಂದು ಒಪ್ಪುತ್ತದೆ. ಮುಖ್ಯ ಬರಹವನ್ನು ಮುಚ್ಚುವ, ಓದಲು ಬಿಡದಂತೆ ಕಾಡುವ, ಜಾಹೀರಾತೆಂದು ಗೊತ್ತಾಗದಂತೆ ವೇಷ ಹಾಕಿದ ಜಾಹೀರಾತಿರುವ ಪುಟಕ್ಕೆ ಕಡಿಮೆ ಅಂಕ ಕೊಡಿ ಎನ್ನುತ್ತದೆ. ಈ ಮಂದಿ ಕೊಟ್ಟ ಅಂಕ ನಿಮ್ಮ ಪುಟವನ್ನು ನೇರವಾಗಿ ಮೇಲೆ ಕೆಳಗೆ ಮಾಡುವುದಿಲ್ಲ. ಯಂತ್ರದ ತೀರ್ಮಾನ ಮನುಷ್ಯರಿಗೆ ಸರಿಯೆನಿಸುತ್ತದೆಯೇ ಎಂದು ಪರೀಕ್ಷಿಸಲು ಅದು ಬಳಕೆಯಾಗುತ್ತದೆ. ಇದರ ಜೊತೆಗೆ ಓದುಗರ ನಡೆಯೂ ಲೆಕ್ಕಕ್ಕೆ ಬರುತ್ತದೆ. ಯಾವ ಫಲಿತಾಂಶವನ್ನು ಜನ ಒತ್ತಿದರು ಎಂಬ 13 ತಿಂಗಳ ದಾಖಲೆಯನ್ನು ಬಳಸುವ ವ್ಯವಸ್ಥೆಯೊಂದು ತಮ್ಮಲ್ಲಿದೆ ಎಂದು ಗೂಗಲ್‌ನ ಪಾಂಡು ನಾಯಕ್ 2023ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ, ಕಂಪನಿಯ ವಿರುದ್ಧದ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಸಾಕ್ಷ್ಯ ನುಡಿದಿದ್ದಾರೆ.

ಇಷ್ಟೆಲ್ಲ ಇದ್ದರೂ ಬಂಟ್ವಾಳದ ಆ ತಾಯಿಗೆ ಅಂಥ ಪುಟವೇ ಮೊದಲ ಫಲಿತಾಂಶವಾಗಿ ಸಿಕ್ಕಿದ್ದೇಕೆ? ನಾನು ಇವತ್ತು ಹೇಳಲು ಬಂದ ಮಾತು ಇದೇ. ಪುಟದ ಅನುಭವ ಎಷ್ಟೇ ಚೆನ್ನಾಗಿದ್ದರೂ ಅದು ಬರಹದ ಗುಣವನ್ನು ಮೀರಿಸುವುದಿಲ್ಲ, ಒಂದೇ ವಿಷಯಕ್ಕೆ ಸರಿಸಮನಾದ ಅನೇಕ ಪುಟಗಳಿರುವಾಗ ಮಾತ್ರ ಅದರ ತೂಕ ಹೆಚ್ಚುತ್ತದೆ ಎಂದು ಗೂಗಲ್ 2020ರಲ್ಲಿಯೇ ಸ್ಪಷ್ಟವಾಗಿ ಹೇಳಿತ್ತು. ಇಂಗ್ಲಿಷಿನಲ್ಲಿ ಅದು ಕೆಲಸ ಮಾಡುತ್ತದೆ. ಅಲ್ಲಿ ಅನ್ನ ಬೇಯಿಸುವ ಬಗ್ಗೆಯೂ ಲೆಕ್ಕವಿಲ್ಲದಷ್ಟು ಪುಟಗಳಿವೆ, ಕಾಡುವ ಪುಟವನ್ನು ಕೆಳಗೆ ತಳ್ಳಿದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ‘ಚಾರ್ಮಾಡಿ ಘಾಟಿ ಸಂಚಾರ ಇಂದು’ ಎಂದು ಕನ್ನಡದಲ್ಲಿ ಹುಡುಕಿದರೆ? ಉತ್ತರ ಕೊಡುವ ಪುಟಗಳು ಬೆರಳೆಣಿಕೆಯಷ್ಟು. ಅವೆಲ್ಲವೂ ಒಂದೇ ರೀತಿ ಜಾಹೀರಾತಿನಿಂದ ಭಾರವಾಗಿದ್ದರೆ ಯಂತ್ರ ಯಾವುದನ್ನು ಹಿಂದಕ್ಕೆ ತಳ್ಳಬೇಕು? ಯಾವುದನ್ನು ಮುಂದೆ ತರಬೇಕು? ಶಿಕ್ಷೆ ಎಂಬುದು ಎಲ್ಲರ ಮೇಲೂ ಸಮವಾಗಿ ಬಿದ್ದರೆ ಯಾರ ಮೇಲೂ ಬಿದ್ದಂತಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಂಥ ದಿನಗಳನ್ನು ನೆನೆಸಿಕೊಳ್ಳಿ. ಉಜಿರೆಯಲ್ಲಿ ಕಾರು ನಿಲ್ಲಿಸಿ, ಮೂಡಿಗೆರೆಗೆ ಹೋಗಬಹುದೇ ಇಲ್ಲವೇ ಎಂದು ಮೊಬೈಲಿನಲ್ಲಿ ನೋಡುವವನಿಗೆ ಬೇರೆ ಪುಟ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರುವುದಿಲ್ಲ. ಸಿಕ್ಕಿದ್ದನ್ನೇ ಓದಬೇಕು, ಎಷ್ಟು ಕಾಡಿದರೂ ಸಹಿಸಬೇಕು.

ಸಣ್ಣ ಭಾಷೆಯ ಓದುಗರ ಈ ಅಸಹಾಯಕತೆಯನ್ನು ನಾವು ಆದಾಯವನ್ನಾಗಿ ಮಾಡಿಕೊಂಡಿದ್ದೇವೆ ಎಂದು ನನಗೆ ತೀವ್ರವಾಗಿ ಅನಿಸುತ್ತದೆ. ಸರ್ಚ್ ಎಂಜಿನ್ ಇದನ್ನು ಸರಿಪಡಿಸುತ್ತದೆ ಎಂದು ಕಾದು ಕೂರಬೇಡಿ. ಅದಕ್ಕೆ ಅದರದೇ ಹಿತಾಸಕ್ತಿ ಇದೆ. ಜಾಹೀರಾತಿನ ಹಣದಿಂದ ನಡೆಯುವ ಸರ್ಚ್ ಎಂಜಿನ್ ಸಹಜವಾಗಿಯೇ ಜಾಹೀರಾತುದಾರರ ಕಡೆಗೆ ವಾಲುತ್ತದೆ, ಬಳಕೆದಾರರ ಅಗತ್ಯದಿಂದ ದೂರವಾಗುತ್ತದೆ ಎಂದು 1998ರಲ್ಲಿ ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ ತಮ್ಮ ಪ್ರಬಂಧದಲ್ಲಿ ಬರೆದಿದ್ದರು. ಗೂಗಲ್ ಕಟ್ಟಿದವರೇ ಅವರು. ಇವತ್ತು ಆ ಕಂಪನಿಯ ಆದಾಯದ ಸಿಂಹಪಾಲು ಜಾಹೀರಾತಿನದು, ನಮ್ಮ ಪುಟಗಳಲ್ಲಿ ನಡೆಯುವ ಹರಾಜಿನಲ್ಲಿಯೂ ಅದರ ಪಾಲಿದೆ. ಅದು ಹಾಕುವ ಗಡಿ ಕನಿಷ್ಠ ಮಟ್ಟ ಅಷ್ಟೇ.

ಕಾನೂನು ಒಂದಷ್ಟು ದೂರ ಬಂದಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬಳಕೆದಾರರನ್ನು ದಾರಿ ತಪ್ಪಿಸುವ ವಿನ್ಯಾಸಗಳ ಕುರಿತು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆಗಳನ್ನು ಹೆಸರಿಸಿದ್ದಾರೆ. ಸುದ್ದಿಯ ರೂಪದಲ್ಲಿ ಅಡಗಿದ ಜಾಹೀರಾತು, ಬೇಡವೆಂದರೂ ಮತ್ತೆ ಮತ್ತೆ ಕೇಳಿ ಪೀಡಿಸುವುದು ಆ ಪಟ್ಟಿಯಲ್ಲಿವೆ. ಸುದ್ದಿಮನೆಯವರೂ ಅದನ್ನು ಮುಂದಿಟ್ಟುಕೊಂಡು ತಮ್ಮ ಪುಟಗಳನ್ನು ನೋಡುವುದು ಒಳ್ಳೆಯದು.

ಇನ್ನು ಹಣದ ಮಾತು. ಈ ಜಿಲ್ಲೆಯಲ್ಲಿ ಸಣ್ಣದೊಂದು ಸುದ್ದಿ ತಾಣ ನಡೆಸುವವರೊಬ್ಬರು ನನ್ನನ್ನು ಕೇಳಿದ್ದರು: ‘ಅರ್ಧ ಜಾಹೀರಾತು ತೆಗೆಯಿರಿ ಎನ್ನುತ್ತೀರಿ. ನಮ್ಮ ಹುಡುಗರಿಗೆ ಸಂಬಳ ಎಲ್ಲಿಂದ ಕೊಡುವುದು ಮಾರಾಯರೇ?’ ಇದು ನ್ಯಾಯವಾದ ಪ್ರಶ್ನೆ. ಮಳೆಯಲ್ಲಿ ನೆನೆದು ಘಾಟಿಗೆ ಹೋಗಿ ವರದಿ ತರುವ ವರದಿಗಾರನಿಗೆ ಸಂಬಳ ಸಿಗಲೇಬೇಕು. ಆದರೆ ಮುದ್ರಿತ ಪತ್ರಿಕೆಯೂ ಜಾಹೀರಾತಿನಿಂದಲೇ ಬದುಕಿದೆ, ಮುಖಪುಟವನ್ನು ಪೂರ್ತಿ ಮಾರಿದ ದಿನಗಳೂ ಇವೆ. ಆ ಜಾಹೀರಾತು ಓದುಗ ಕೈಯಿಟ್ಟ ಕಡೆಗೆ ಓಡಿ ಬರುವುದಿಲ್ಲ, ಪುಟ ತಿರುವಿದರೆ ಸುಮ್ಮನಿರುತ್ತದೆ. ಅದೇ ಮರ್ಯಾದೆಯನ್ನು ಪರದೆಗೂ ತರಬಹುದು. ನಮ್ಮಲ್ಲಿ ಆಭರಣ ಮಳಿಗೆಗಳಿವೆ, ಬಟ್ಟೆ ಅಂಗಡಿಗಳಿವೆ, ಪ್ರವೇಶಕ್ಕೆ ಕರೆಯುವ ಕಾಲೇಜುಗಳಿವೆ, ಬ್ರಹ್ಮಕಲಶೋತ್ಸವಕ್ಕೆ ಶುಭ ಕೋರುವ ದಾನಿಗಳಿದ್ದಾರೆ. ಇವರ ಬಳಿಗೆ ನೇರವಾಗಿ ಹೋಗಿ ತಂದ ಜಾಹೀರಾತು ಒಂದು ಸಾದಾ ಚಿತ್ರ. ಅದು ನಿಮ್ಮದೇ ಸರ್ವರಿನಿಂದ ಪುಟದ ಜೊತೆಗೇ ಬರುತ್ತದೆ. ಹರಾಜಿಲ್ಲ, ಕಾಯುವಿಕೆಯಿಲ್ಲ, ಎತ್ತರ ಮೊದಲೇ ಗೊತ್ತು, ದಲ್ಲಾಳಿಯ ಪಾಲೂ ಇಲ್ಲ. ಆ ಚಿತ್ರದ ಲಿಂಕಿಗೆ ಅದು ಹಣ ಪಡೆದ ಲಿಂಕ್ ಎಂದು ತಿಳಿಸುವ ‘ಸ್ಪಾನ್ಸರ್ಡ್’ ಗುರುತನ್ನು ಕೋಡಿನಲ್ಲಿ ಹಾಕಲು ಮರೆಯಬೇಡಿ. 2019ರಿಂದ ಗೂಗಲ್ ಆ ಗುರುತನ್ನು ಒದಗಿಸಿದೆ, ಹಾಕದಿದ್ದರೆ ಶ್ರೇಯಾಂಕ ಹೆಚ್ಚಿಸಲು ಲಿಂಕ್ ಮಾರಿದ ಆರೋಪಕ್ಕೆ ಗುರಿಯಾಗಬೇಕಾದೀತು. ಚಿತ್ರದ ಮೇಲೆ ‘ಜಾಹೀರಾತು’ ಎಂದು ಕನ್ನಡದಲ್ಲಿ, ಕಾಣುವಷ್ಟು ದೊಡ್ಡದಾಗಿ ಬರೆಯಿರಿ.

ಎಲ್ಲವನ್ನೂ ಒಮ್ಮೆಲೇ ಬದಲಿಸಲಾಗುವುದಿಲ್ಲ ಎನ್ನುವವರಿಗೆ ನನ್ನ ಬೇಡಿಕೆ ಒಂದೇ ಬಗೆಯ ಸುದ್ದಿಯ ಬಗ್ಗೆ. ಮಳೆ, ರಜೆ, ರಸ್ತೆ, ಆಸ್ಪತ್ರೆ, ಸಮುದ್ರದ ಎಚ್ಚರಿಕೆ ಇವುಗಳ ಪುಟಗಳನ್ನು ಬೇರೆ ಇಡಿ. ಉತ್ತರ ತಲೆಬರಹದಲ್ಲಿಯೇ ಇರಲಿ: ‘ಬಂಟ್ವಾಳ, ಬೆಳ್ತಂಗಡಿ, ಪುತ್ತೂರು ತಾಲ್ಲೂಕುಗಳಿಗೆ ಇಂದು ರಜೆ’. ಫಲಕ ಬೇಡ, ವಿಡಿಯೊ ಬೇಡ, ‘ಮುಂದೆ ಓದಿ’ ಬೇಡ. ಜಾಹೀರಾತು ಬೇಕೇ ಬೇಕು ಎಂದರೆ ಬರಹ ಮುಗಿದ ಮೇಲೆ ಒಂದು, ಎತ್ತರ ಕಾಯ್ದಿಟ್ಟ ಜಾಗದಲ್ಲಿ. ತಲೆಬರಹದಲ್ಲಿಯೇ ಉತ್ತರ ಕೊಟ್ಟರೆ ಜನ ಪುಟ ತೆರೆಯುವುದಿಲ್ಲ ಎಂಬ ಅಂಜಿಕೆ ನಿಮಗಿದೆ ಎಂದು ಬಲ್ಲೆ. ಕೆಲವರು ತೆರೆಯದೆ ಹೋಗಬಹುದು, ಆ ನಷ್ಟವನ್ನು ಸಹಿಸಬೇಕೆಂದೇ ನಾನು ಕೇಳುತ್ತಿರುವುದು. ಮರುದಿನ ಬೆಳಿಗ್ಗೆ ಮಳೆ ಬಂದಾಗ ಅವರು ಗೂಗಲ್‌ನಲ್ಲಿ ಹುಡುಕದೆ ನಿಮ್ಮ ತಾಣದ ಹೆಸರನ್ನೇ ನೇರವಾಗಿ ಬರೆಯಬಹುದು, ಹಾಗೆ ಬಂದ ಓದುಗನನ್ನು ಯಾವ ಪರಿಷ್ಕರಣೆಯೂ ನಿಮ್ಮಿಂದ ಕಸಿಯಲಾರದು.

ಈಗ ಇಲ್ಲಿರುವ ತಾಣಗಳ ಸಂಪಾದಕರು ಒಪ್ಪಿದರೆ, ತಮ್ಮ ತಮ್ಮ ತಾಣಗಳ ಇತ್ತೀಚಿನ ಒಂದು ಮಳೆ ಸುದ್ದಿಯ ವಿಳಾಸ ಕೊಡಿ. ನನ್ನ ಬಳಿ ಆರು ವರ್ಷ ಹಳೆಯದಾದ ಒಂದು ಫೋನ್ ಇದೆ, ಅದನ್ನು ಈ ದೊಡ್ಡ ಪರದೆಗೆ ಜೋಡಿಸಿದ್ದೇನೆ. ಒಂದೊಂದಾಗಿ ತೆರೆದು, ಬರಹ ಎಷ್ಟು ಜಾರುತ್ತದೆ, ಉತ್ತರ ಎಷ್ಟನೆಯ ಪ್ಯಾರಾದಲ್ಲಿ ಸಿಗುತ್ತದೆ ಎಂದು ಎಲ್ಲರೂ ಸೇರಿ ನೋಡೋಣ. ವಿದ್ಯಾರ್ಥಿಗಳಲ್ಲಿ ಇಬ್ಬರು ಮುಂದೆ ಬಂದು ಹಲಗೆಯ ಮೇಲೆ ಬರೆದುಕೊಳ್ಳಿ.